ಐದೂವರೆ ಇಂಚಿನ ಹಲಗೆ, ಏಳಡಿ ಚಪ್ಪರ

ಡಿಸೆಂಬರ್ ಕೊನೆಯಲ್ಲಿ ನಮ್ಮ ಬಡಾವಣೆಯ ಸಂಘದಿಂದ ಒಂದು ಕಾಗದ ಬಂತು. ಒಳಗೆ ನಮ್ಮ ಬೇಲಿಯ ಫೋಟೋ. ಯಾರೋ ಕಾರಲ್ಲಿ ಕೂತೇ ತೆಗೆದದ್ದು, ಕಾರಿನ ಕನ್ನಡಿಯ ಮೂಲೆಯೂ ಅದರಲ್ಲಿ ಬಂದಿತ್ತು. ಕೆಳಗೆ ಎರಡು ಸಾಲು. ನಿಮ್ಮ ಬೇಲಿ 6 ಅಡಿಗಿಂತ ಎತ್ತರ ಇದೆ, ಇದು ಡೀಡ್ ರಿಸ್ಟ್ರಿಕ್ಷನ್‌ಗೆ, ಅಂದರೆ ಜಾಗದ ಷರತ್ತಿಗೆ ವಿರುದ್ಧ, 30 ದಿನದೊಳಗೆ ಸರಿಪಡಿಸಿ.

ಬೇಲಿ ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ. ಸೀಡರ್ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ನಮ್ಮನೆಯವರು ಕಾಗದವನ್ನು ಫ್ರಿಜ್‌ಗೆ ಅಂಟಿಸಿ, "ಹೊಸ ವರ್ಷ ಕಳೀಲಿ, ಆಮೇಲೆ ನೋಡೋಣ" ಅಂದರು. ಅವರು ಮಲಗಿ ಗೊರಕೆ ಹೊಡೆದರು. ನಾನು ರಾತ್ರಿಯೆಲ್ಲ ಬೇಲಿ ಅಳೆಯುತ್ತಾ ಬಿದ್ದುಕೊಂಡಿದ್ದೆ, ಮನಸ್ಸಲ್ಲೇ.

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಹೂಸ್ಟನ್‌ನಿಂದ ಪಶ್ಚಿಮಕ್ಕೆ, ಫೋರ್ಟ್ ಬೆಂಡ್ ಕೌಂಟಿಯಲ್ಲಿ. 2024ರ ಜುಲೈ 8ರ ಬೆಳಗಿನ ಜಾವ ಬೆರಿಲ್ ಚಂಡಮಾರುತ ಮ್ಯಾಟಗೋರ್ಡಾ ಹತ್ತಿರ ದಡಕ್ಕೆ ಬಂತಲ್ಲ, ಆಗ ನಮ್ಮ ಹಳೆ ಬೇಲಿ ಹೋಯಿತು. ಮೊದಲ ದರ್ಜೆಯ ಚಂಡಮಾರುತ ಅಷ್ಟೇ ಅಂತ ನಾವು ಸುಮ್ನೆ ಮಲಗಿದ್ದೆವು. ಬೆಳಕಾದಾಗ ನೋಡಿದರೆ ಪಕ್ಕದ ಮನೆ ಅಜ್ಜನ ಹಿತ್ತಲು, ನಮ್ಮ ಹಿತ್ತಲು ಎರಡೂ ಒಂದೇ ಆಗಿವೆ. ಅವರು ಬನಿಯನ್‌ನಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ನಾನು ನೈಟಿಯಲ್ಲಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇಬ್ಬರೂ ಪೂರ್ತಿ ಮುಖ ನೋಡಿದ್ದು.

ಕಂಬಗಳು ಗಾಳಿಗೆ ಮುರಿದದ್ದಲ್ಲ, ನೆಲದ ಮಟ್ಟದಲ್ಲಿ ಮೊದಲೇ ಕೊಳೆತಿದ್ದವು. ಇಲ್ಲಿನ ಮಣ್ಣು ಕಪ್ಪು ಜೇಡಿ, ಇಲ್ಲಿಯವರು ಗಂಬೊ ಅನ್ನುತ್ತಾರೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಕಂಬ ವರ್ಷಕ್ಕೊಂದಿಷ್ಟು ವಾಲುತ್ತಾ ಹೋಗುತ್ತದೆ. ಹಲಗೆಗಳ ಕಾಲು ಯಾವಾಗಲೂ ಒದ್ದೆ. ಅದಕ್ಕೇ ಬೇಲಿ ಹಾಕುವವನು, "ಈ ಸಲ ಕೆಳಗೊಂದು ರಾಟ್ ಬೋರ್ಡ್ ಹಾಕಿಸಿಕೊಳ್ಳಿ" ಅಂದ. ಔಷಧಿ ಕುಡಿಸಿದ ಮರದ ಒಂದು ಅಡ್ಡ ಹಲಗೆ. ಅದನ್ನು ನೆಲಕ್ಕೆ ತಾಗಿಸಿ ಹೊಡೆದು, ಅದರ ಮೇಲೆ ಸೀಡರ್ ಹಲಗೆ ನಿಲ್ಲಿಸುತ್ತಾರೆ. ಕೊಳೆತರೆ ಅದೊಂದನ್ನೇ ಬದಲಾಯಿಸಿದರಾಯಿತು. ಅಡಿಗೆ 34 ಡಾಲರ್ ಹೇಳಿದ. ಅಜ್ಜ ಅರ್ಧ ಕೊಟ್ಟರು. ಟೆಕ್ಸಸ್‌ನಲ್ಲಿ ಪಕ್ಕದ ಮನೆಯವರು ಬೇಲಿಯ ಖರ್ಚು ಹಂಚಿಕೊಳ್ಳಲೇಬೇಕು ಅಂತ ಕಾನೂನಿಲ್ಲ. ಕೊಟ್ಟರೆ ಅವರ ದೊಡ್ಡತನ.

ಈಗ ಲೆಕ್ಕ ನೋಡಿ. ಆ ರಾಟ್ ಬೋರ್ಡನ್ನು ಎರಡು ಬೈ ಆರು ಅಂತಾರೆ, ಆದರೆ ನಿಜವಾದ ಅಗಲ ಐದೂವರೆ ಇಂಚು. ಮೇಲಿನ ಹಲಗೆ 6 ಅಡಿ. ಒಟ್ಟು 6 ಅಡಿ ಐದೂವರೆ ಇಂಚು. ಕಾಗದ ಬಂದದ್ದು ಈ ಐದೂವರೆ ಇಂಚಿಗೆ.

ಡೀಡ್ ರಿಸ್ಟ್ರಿಕ್ಷನ್ ಅಂದರೇನು ಅಂತ ಮನೆ ಕೊಂಡಾಗ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಸಹಿ ಹಾಕುವ ದಿನ ಕೊಟ್ಟ ಕಾಗದದ ರಾಶಿಯಲ್ಲಿ ಅದೂ ಇತ್ತು, ಯಾರು ಓದ್ತಾರೆ. ಬಡಾವಣೆ ಮಾಡಿದವನು ಮೊದಲೇ ಬರೆದಿಟ್ಟ ಷರತ್ತುಗಳು ಅವು. ಬೇಲಿ ಎಷ್ಟೆತ್ತರ, ಹಿತ್ತಲಲ್ಲಿ ಎಂಥ ಶೆಡ್, ಮಾಡಿಗೆ ಯಾವ ಬಣ್ಣ, ಎಲ್ಲ. ಅವು ಜಾಗಕ್ಕೆ ಅಂಟಿಕೊಂಡಿರುತ್ತವೆ, ಮನುಷ್ಯರಿಗಲ್ಲ. ಮನೆ ಹತ್ತು ಕೈ ಬದಲಾದರೂ ಹತ್ತನೆಯವನಿಗೂ ಅದೇ ಷರತ್ತು. ಹೂಸ್ಟನ್ ಸುತ್ತ ಇದು ಜಾಸ್ತಿ, ಅದಕ್ಕೆ ಕಾರಣವೂ ಇದೆ. ಇಷ್ಟು ದೊಡ್ಡ ಊರಲ್ಲಿ ಜೋನಿಂಗ್ ಇಲ್ಲ. ಇಲ್ಲಿ ಮನೆ, ಅಲ್ಲಿ ಅಂಗಡಿ ಅಂತ ನಗರವೇ ಗೆರೆ ಹಾಕುವ ಪದ್ಧತಿಯನ್ನು ಹೂಸ್ಟನ್ ಜನ 1948, 1962, 1993 ಮೂರೂ ಸಲ ಮತ ಹಾಕಿ ಬೇಡ ಅಂದರು. ಹಾಗಾಗಿ ಪಕ್ಕದಲ್ಲಿ ಟಯರ್ ಅಂಗಡಿ ಬರಬಾರದು ಅಂದರೆ ಗತಿ ಈ ಕಾಗದವೇ. ನಗರದ ಒಳಗಾದರೆ ಇದನ್ನು ಮುರಿದವರ ಮೇಲೆ ನಗರದ ವಕೀಲರೇ ಕೇಸು ಹಾಕಬಹುದು. ನಾವು ನಗರದ ಗಡಿಯಿಂದಾಚೆ ಇರುವವರು. ನಮಗೆ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ ಇದೆ, ಅದರ ಲೆಕ್ಕಪತ್ರ ನೋಡುವ ಮ್ಯಾನೇಜ್‌ಮೆಂಟ್ ಕಂಪನಿ ಇದೆ, ಕನ್ನಡಿಯ ಮೂಲೆ ಬರುವಂತೆ ಫೋಟೋ ತೆಗೆಯುವ ಪುಣ್ಯಾತ್ಮರೂ ಇದ್ದಾರೆ.

ನಮ್ಮನೆಯವರು ಹೊಸ ವರ್ಷ ಕಳೆದ ಮೇಲೆ ಇಂಟರ್‌ನೆಟ್‌ನಲ್ಲಿ ಹುಡುಕಿ ಕುಣಿದಾಡಿಬಿಟ್ಟರು. "ನೋಡೇ, 2021ರ ಕಾನೂನು! ಭದ್ರತೆಗೆ ಅಂತ ಸುತ್ತ ಬೇಲಿ ಹಾಕಿದರೆ ಎಚ್‌ಒಎ ತಡೆಯೋ ಹಾಗಿಲ್ಲವಂತೆ!" ಮುಂದಿನ ಸಾಲು ಓದಿ ಅಂದೆ. ಬೇಲಿ ಎಂಥದ್ದಿರಬೇಕು ಅಂತ ಎಚ್‌ಒಎ ನಿಯಮ ಮಾಡಬಹುದು ಅಂತ ಅಲ್ಲೇ ಇತ್ತು. ಮತ್ತೆ ಫ್ರಿಜ್ ಬಾಗಿಲು ತೆಗೆದು ಮೊಸರು ಹುಡುಕಿದರು.

ದಾರಿ ಸಿಕ್ಕಿದ್ದು ಬೇರೆ ಕಡೆ. ಟೆಕ್ಸಸ್ ಕಾನೂನಿನಲ್ಲಿ ಒಂದು ಮಾತಿದೆ. ಎಚ್‌ಒಎ ನಿಯಮದ ಕಾಗದ ಕೌಂಟಿಯಲ್ಲಿ ನೋಂದಣಿಯಾಗುವ ತನಕ ಅದಕ್ಕೆ ಬೆಲೆ ಇಲ್ಲ. ಹಾಗಾದರೆ ನೋಂದಣಿಯಾದದ್ದು ಯಾವುದು? ಕಂಪನಿಯ ಜಾಲತಾಣದಲ್ಲಿದ್ದ ಪಿಡಿಎಫ್‌ನಲ್ಲಿ "ಬೇಲಿ 6 ಅಡಿ ಮೀರಬಾರದು" ಅಂತ ಇತ್ತು, ಅಷ್ಟೇ. ಕೌಂಟಿ ಕ್ಲರ್ಕ್ ದಾಖಲೆಯಲ್ಲಿ ನಮ್ಮ ಬಡಾವಣೆಯ ಹೆಸರು ಹಾಕಿ ಹುಡುಕಿದೆ. ಹದಿನಾಲ್ಕು ಕಾಗದ ಬಂದವು. ಮೂಲ ಷರತ್ತು, ಮೊದಲ ತಿದ್ದುಪಡಿ, ಎರಡನೇ ತಿದ್ದುಪಡಿ, ಕಸದ ಡಬ್ಬಿಯ ನಿಯಮ, ಮಳೆನೀರಿನ ಪೀಪಾಯಿ ನಿಯಮ. ಎರಡು ರಾತ್ರಿ ಕೂತು ಓದಿದೆ. ಹನ್ನೊಂದನೆಯ ಕಾಗದದಲ್ಲಿ ಸಿಕ್ಕಿತು. ತಿದ್ದಿದ ಬೇಲಿ ನಿಯಮ. 6 ಅಡಿ ಎತ್ತರ, ಕೆಳಗಿನ 6 ಇಂಚಿನವರೆಗಿನ ರಾಟ್ ಬೋರ್ಡ್ ಲೆಕ್ಕಕ್ಕಿಲ್ಲ. ಕಂಪನಿಯವರು ತಮ್ಮ ಜಾಲತಾಣದಲ್ಲಿ ಹಳೆಯದನ್ನೇ ಇಟ್ಟುಕೊಂಡಿದ್ದರು.

ಅರ್ಧ ಇಂಚು ಉಳಿಕೆಯಲ್ಲಿ ಗೆದ್ದೆ ಅಂದುಕೊಂಡೆ. ನಮ್ಮನೆಯವರು ಟೇಪ್ ತಂದರು. ಮೂರು ಕಡೆ ಸರಿ ಇತ್ತು. ಹಿಂದಿನ ಮೂಲೆಯಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗಿ ರಾಟ್ ಬೋರ್ಡ್ ಅಡಿಯಲ್ಲಿ ಬೆಕ್ಕು ನುಗ್ಗುವಷ್ಟು ಸಂದಿ. ಅಲ್ಲಿ ನೆಲದಿಂದ 6 ಅಡಿ 9 ಇಂಚು. ನಾಲ್ಕು ಮೂಟೆ ಮಣ್ಣು ತಂದು ತುಂಬಿಸಿ, ತುಳಿದು, ಮತ್ತೆ ಅಳೆದು, ಟೇಪ್ ಹಿಡಿದೇ ಫೋಟೋ ತೆಗೆದು, ನೋಂದಣಿ ಸಂಖ್ಯೆ ಸಮೇತ ಇಮೇಲ್ ಹಾಕಿದೆ. ಒಂಬತ್ತು ದಿನಕ್ಕೆ ಒಂದು ಸಾಲಿನ ಉತ್ತರ ಬಂತು: ವಿಷಯ ಮುಗಿಸಲಾಗಿದೆ. ಸಾರಿ ಅಂತ ಇರಲಿಲ್ಲ. ಇರಲಿ.

ಆ ಎರಡು ರಾತ್ರಿಯಲ್ಲಿ ನನಗೆ ಈ ಕಾಗದಗಳ ಹುಚ್ಚು ಹಿಡಿಯಿತು. ಹೂಸ್ಟನ್ ಒಳಗೆ ಹಳೆ ಬಡಾವಣೆಯಲ್ಲಿರುವ ಗೆಳತಿಗೆ ಹೇಳಿದೆ, ನಿಂದೂ ತೆಗೆದು ಓದು ಅಂತ. ಅವಳ ಮನೆ 1930ರ ದಶಕದ್ದು. ಒಂದು ಪುಟದ ಫೋಟೋ ಕಳಿಸಿದಳು. ಬೇಲಿ, ಕೋಳಿಗೂಡು, ಹಂದಿ ಸಾಕಬಾರದು, ಇವುಗಳ ನಡುವೆ ಒಂದು ಸಾಲು. ಬಿಳಿಯರಲ್ಲದವರು ಇಲ್ಲಿ ವಾಸ ಮಾಡುವಂತಿಲ್ಲ, ಮನೆಗೆಲಸದವರ ಹೊರತು. ಟೈಪ್ ಮಾಡಿದ ಅಕ್ಷರ, ಹಂದಿಯ ಸಾಲಿನಷ್ಟೇ ನೆಟ್ಟಗೆ. ಇಂಥ ಸಾಲನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿತು. ಸೇಂಟ್ ಲೂಯಿಸ್‌ನ ಒಂದು ಮನೆಯ ಕೇಸು ಅದು, ಶೆಲ್ಲಿ ವಿರುದ್ಧ ಕ್ರೇಮರ್. 1968ರ ಫೇರ್ ಹೌಸಿಂಗ್ ಕಾಯ್ದೆ ಬಂದ ಮೇಲೆ ಹಾಗೆ ಬರೆಯುವುದೇ ತಪ್ಪಾಯಿತು. ಆದರೂ ಹಳೆ ಕಾಗದ ಹಾಗೇ ಉಳಿದಿರುತ್ತದೆ. ತೆಗೆಸಿಹಾಕಲು ಟೆಕ್ಸಸ್ ದಾರಿ ಮಾಡಿಕೊಟ್ಟದ್ದು 2021ರಲ್ಲಿ. ಗೆಳತಿಯ ಊರು ಧಾರವಾಡ. "ಲೇ, ನಾನು ಇಲ್ಲಿ ಅಡುಗೆ ಕೆಲಸಕ್ಕ ಇದ್ದೀನಿ ಅಂತ ತಿಳ್ಕೊ" ಅಂತ ಮೆಸೇಜ್ ಹಾಕಿದಳು. ನಗು ಬರಲಿಲ್ಲ, ಆದರೂ ನಗುವ ಮುಖ ಕಳಿಸಿದೆ.

ಸರಿ, ಚಪ್ಪರದ ಕಥೆಗೆ ಬರುತ್ತೇನೆ. ಅಲ್ಲೇ ನಾನು ಮುಗ್ಗರಿಸಿದ್ದು.

ಫೆಬ್ರವರಿಯಲ್ಲಿ ಮಾವ ಊರಿಂದ ಬಂದರು. ತೋಟ ಮಾಡಿದ ಜೀವ, ನಾಲ್ಕು ದಿನಕ್ಕೆ ಸೋಫಾ ಸಾಕಾಯಿತು. ಹಿತ್ತಲಲ್ಲಿ ಒಂದು ಸುತ್ತು ಹಾಕಿ ಬಂದು, "ಇಷ್ಟು ಜಾಗ ಇಟ್ಕೊಂಡು ಬರೀ ಹುಲ್ಲು ಬೆಳೀತೀರಲ್ಲಮ್ಮ" ಅಂದರು. ಮಾರ್ಚ್‌ನಲ್ಲಿ ಹೀರೇಕಾಯಿಗೆ ಅಂತ ಚಪ್ಪರ ಎದ್ದಿತು. ನಾಲ್ಕು ಬೈ ನಾಲ್ಕು ಕಂಬ ನಾಲ್ಕು, ಹತ್ತಡಿ ಅಗಲ, ಎಂಟಡಿ ಉದ್ದ. ಎತ್ತರ 7 ಅಡಿ 2 ಇಂಚು, ಯಾಕೆಂದರೆ ಕಾಯಿ ಇಳಿಬಿದ್ದಾಗ ತಲೆಗೆ ತಾಗಬಾರದು. ನಾನು ಒಂದು ಮಾತು ಹೇಳಿದೆ, "ಮಾವ, ಮೊದಲು ಅರ್ಜಿ ಹಾಕಬೇಕೇನೋ." ಅವರು ಗುದ್ದಲಿ ಊರಿ ನಿಂತು ನನ್ನನ್ನು ನೋಡಿದರು. "ಹೀರೇಕಾಯಿಗೆ ಅರ್ಜಿನಾ?" ನಾನು ಸುಮ್ಮನಾದೆ. ತಪ್ಪು ನಂದೇ.

ಏಪ್ರಿಲ್‌ನಲ್ಲಿ ಕಾಗದ. ಬೇಲಿಯ ಮೇಲಿಂದ ಅನುಮತಿ ಇಲ್ಲದ ಕಟ್ಟಡ ಕಾಣುತ್ತಿದೆ. ಮಾವನಿಗೆ ಓದಿ ಹೇಳಿದೆ. ಕಟ್ಟಡ ಅನ್ನುವ ಪದ ಕೇಳಿ ಅವರಿಗೆ ಒಳಗೊಳಗೇ ಖುಷಿಯಾಯಿತು ಅಂತ ನನ್ನ ಗುಮಾನಿ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ಸಾದಾ ಅಂಚೆಯಲ್ಲಿ ಬರುವ ಮೊದಲ ಕಾಗದ ಬರೀ ಎಚ್ಚರಿಕೆ. ದಂಡ ಹಾಕುವ ಮೊದಲು ಅವರು ಸರ್ಟಿಫೈಡ್ ಅಂಚೆಯಲ್ಲಿ ನೋಟಿಸ್ ಕಳಿಸಬೇಕು, ಸರಿಪಡಿಸಲು ಸಮಯ ಕೊಡಬೇಕು, 30 ದಿನದೊಳಗೆ ವಿಚಾರಣೆ ಕೇಳುವ ಹಕ್ಕು ಇದೆ ಅಂತ ಅದರಲ್ಲೇ ಬರೆಯಬೇಕು. ನಾನು ಅಲ್ಲಿವರೆಗೆ ಕಾಯದೆ ಎಸಿಸಿಗೆ ಅರ್ಜಿ ಹಾಕಿದೆ. ಎಸಿಸಿ ಅಂದರೆ ಮನೆ, ಬೇಲಿ, ಬಣ್ಣ ನೋಡುವ ಕಮಿಟಿ. ಮೇ ತಿಂಗಳಲ್ಲಿ ಉತ್ತರ ಬಂತು. ತಿರಸ್ಕರಿಸಲಾಗಿದೆ, ಬಡಾವಣೆಯ ಅಂದಕ್ಕೆ ಹೊಂದುವುದಿಲ್ಲ.

ಅಂದ ಅಂದರೆ ಏನು ಅಂತ ಕೇಳಬೇಕಲ್ಲ. 2021ರಿಂದ ಟೆಕ್ಸಸ್‌ನಲ್ಲಿ 40ಕ್ಕಿಂತ ಜಾಸ್ತಿ ಸೈಟ್ ಇರುವ ಬಡಾವಣೆಯಲ್ಲಿ ಕಮಿಟಿ ಬೇಡ ಅಂದರೆ ಕಾರಣ ವಿವರವಾಗಿ ಬರೆಯಬೇಕು. ಏನು ಬದಲಾಯಿಸಿದರೆ ಒಪ್ಪುತ್ತೇವೆ ಅನ್ನುವುದಿದ್ದರೆ ಅದನ್ನೂ ಹೇಳಬೇಕು. ಎಚ್‌ಒಎ ಬೋರ್ಡಿಗೆ ಮೇಲ್ಮನವಿ ಹಾಕುವ ಹಕ್ಕು ಇದೆ, ಕೇಳಿದ 30 ದಿನದೊಳಗೆ ಅವರು ವಿಚಾರಣೆ ಇಡಬೇಕು. ಬೋರ್ಡಿನಲ್ಲಿ ಇರುವವರಾಗಲಿ, ಅವರ ಗಂಡ ಹೆಂಡತಿಯಾಗಲಿ ಕಮಿಟಿಯಲ್ಲಿ ಇರುವಂತಿಲ್ಲ. ಈ ಕೊನೆಯದನ್ನು ಓದಿದಾಗ ಯಾವ ಊರಿನ ಯಾವ ಗಂಡ ಹೆಂಡತಿಯ ಜಗಳದಿಂದ ಈ ಸಾಲು ಬಂತೋ ಅಂತ ತುಂಬ ಹೊತ್ತು ಯೋಚಿಸಿದೆ.

ಜೂನ್‌ನಲ್ಲಿ ವಿಚಾರಣೆ. ಈಜುಕೊಳದ ಪಕ್ಕದ ಕೋಣೆ, ಮಡಚುವ ಕುರ್ಚಿ, ಐದು ಜನ. ಎಸಿಯ ಚಳಿಗೆ ಮಾವ ಸ್ವೆಟರ್ ಹಾಕಿಕೊಂಡು ಹಿಂದಿನ ಸಾಲಲ್ಲಿ ಕೂತರು. ನನ್ನ ಕೈಯಲ್ಲಿ 41 ಪುಟದ ಫೈಲು, ಅಲ್ಲಲ್ಲಿ ಹಳದಿ ಚೀಟಿ. ಎತ್ತರ, ಬಣ್ಣ, ಕಾರಣ ಬರೆಯದೇ ತಿರಸ್ಕರಿಸಿದ್ದು, ಒಂದೊಂದೇ ಹೇಳಿದೆ. ಚೆನ್ನಾಗಿಯೇ ಹೇಳಿದೆ ಅನ್ನಿ. ಅವರೂ ತಲೆಯಾಡಿಸಿದರು. ಬೇಲಿಗೇ ಹಚ್ಚಿದ ಬಣ್ಣ ಚಪ್ಪರಕ್ಕೂ ಹಚ್ಚಿದರೆ ಎತ್ತರಕ್ಕೆ ತಕರಾರಿಲ್ಲ ಅನ್ನುವ ಹಂತಕ್ಕೆ ಬಂದಿತ್ತು.

ಆಗ ಮೂಲೆಯಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಕನ್ನಡಕ ಏರಿಸಿ ಕೇಳಿದರು. "ಹಿಂದಿನ ಬೇಲಿಯಿಂದ ಎಷ್ಟು ದೂರ?"

"ನಾಲ್ಕಡಿ."

"ನಿಮ್ಮ ಫೈಲಲ್ಲಿ ಪ್ಲಾಟ್ ನಕ್ಷೆ ಇದೆಯಾ?"

ಇತ್ತು. 38ನೇ ಪುಟ. ಅದಕ್ಕೆ ಹಳದಿ ಚೀಟಿ ಇರಲಿಲ್ಲ. ತೆಗೆದು ಮೇಜಿನ ಮೇಲೆ ಇಟ್ಟೆ. ನಮ್ಮ ಸೈಟಿನ ಹಿಂದಿನ ಗೆರೆಗೆ ಸಮನಾಗಿ ಒಂದು ತುಂಡು ತುಂಡು ಗೆರೆ. ಅದರ ಪಕ್ಕ ಇರುವೆಯಷ್ಟು ಅಕ್ಷರದಲ್ಲಿ 10 ಅಡಿ, ಯು.ಇ. ಅಂದರೆ ಯುಟಿಲಿಟಿ ಈಸ್‌ಮೆಂಟ್. ಕರೆಂಟು, ಗ್ಯಾಸು, ಕೇಬಲ್ಲಿನವರು ಬಂದು ಅಗೆಯಲು ಬಿಟ್ಟ ಪಟ್ಟಿ. ಜಾಗ ನಮ್ಮದೇ, ತೆರಿಗೆ ಕಟ್ಟುವವರೂ ನಾವೇ, ಆದರೆ ಅಲ್ಲಿ ಕಂಬ ನೆಟ್ಟು ಕಾಂಕ್ರೀಟ್ ಹಾಕುವಂತಿಲ್ಲ. ಅವರಿಗೆ ಅಡ್ಡ ಬಂದರೆ ಕಿತ್ತು ಹಾಕಬಹುದು, ಖರ್ಚು ನಮ್ಮದು.

"ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿದ್ರಾ?" ಅಂತಲೂ ಕೇಳಿದರು ಆಕೆ. ಮಾಡಿರಲಿಲ್ಲ. ಅದು ಬಿಟ್ಟಿ ಸೇವೆ. ಫೋನ್ ಮಾಡಿ ಎರಡು ಕೆಲಸದ ದಿನ ಕಾದರೆ ಯಾರೋ ಬಂದು ನೆಲದ ಮೇಲೆ ಬಣ್ಣ ಬಣ್ಣದ ಗೆರೆ ಎಳೆದು ಹೋಗುತ್ತಾರೆ, ಹಳದಿ ಗ್ಯಾಸಿಗೆ, ಕೆಂಪು ಕರೆಂಟಿಗೆ. ಮಾವ ಎರಡೂವರೆ ಅಡಿ ಅಗೆದಿದ್ದರು, ಹಾರೆ ಹಾಕಿ. ನನ್ನ ಬೆನ್ನಲ್ಲಿ ತಣ್ಣಗಾಯಿತು, ಎಸಿಯಿಂದ ಅಲ್ಲ.

ಆಗಸ್ಟ್ ಕೊನೆಯವರೆಗೆ ಸಮಯ ಕೊಟ್ಟರು. ಮನೆಗೆ ಬರುವಾಗ ಕಾರಲ್ಲಿ ಮಾವ ಏನೂ ಮಾತಾಡಲಿಲ್ಲ. ಗ್ಯಾರೇಜ್ ಬಾಗಿಲು ಏಳುವಾಗ ಹೇಳಿದರು, "ಆ ಅಮ್ಮ ಕೇಳಿದ್ದು ಸರಿ."

ನಮ್ಮನೆಯವರದ್ದು ಬೇರೆ ಲೆಕ್ಕ. ಡೀಡ್ ರಿಸ್ಟ್ರಿಕ್ಷನ್ ಮುರಿದರೆ ನಾಲ್ಕು ವರ್ಷದೊಳಗೆ ಕೇಸು ಹಾಕಬೇಕು, ಆಮೇಲೆ ನಡೆಯಲ್ಲ ಅಂತ ಎಲ್ಲೋ ಓದಿದ್ದರು. "ನಾಲ್ಕು ವರ್ಷ ತಳ್ಳಿದರೆ?" ಏಳಡಿ ಚಪ್ಪರವನ್ನು ನಾಲ್ಕು ವರ್ಷ ಎಲ್ಲಿ ಬಚ್ಚಿಡುತ್ತೀರಿ ಅಂದೆ. ಅದೂ ಅಲ್ಲದೆ ಆ ಲೆಕ್ಕ ಗ್ಯಾಸ್ ಪೈಪಿಗೆ ಗೊತ್ತಿಲ್ಲ.

ಆಗಸ್ಟ್ ಮೊದಲ ವಾರ ಕೀಳಲು ನಿಂತೆವು, ಈ ಸಲ 811ರವರು ಬಂದು ಹೋದ ಮೇಲೆ. ಪುಣ್ಯಕ್ಕೆ ಹಳದಿ ಗೆರೆ ಬೇಲಿಯ ಬುಡದಲ್ಲೇ ಇತ್ತು, ಕಂಬದಿಂದ ಮೂರಡಿ ದೂರ. ಮುಂದಿನ ಎರಡು ಕಂಬ ಹನ್ನೆರಡು ಅಡಿಯಲ್ಲಿದ್ದವು, ಅವಕ್ಕೆ ತೊಂದರೆ ಇಲ್ಲ. ಹಿಂದಿನ ಎರಡನ್ನು ಕಿತ್ತು ಈಚೆ ತಂದರೆ ಚಪ್ಪರವೇ ಎಂಟಡಿ ಮನೆ ಕಡೆ ಜರುಗಿದಂತೆ. ಆದರೆ ಗಂಬೊ ಮಣ್ಣು ಕಂಬ ಬಿಡಬೇಕಲ್ಲ. ಸುತ್ತ ಅಗೆದು, ಅಲುಗಿಸಿ, ನೀರು ಬಿಟ್ಟು, ಇಬ್ಬರು ಗಂಡಸರು ತಬ್ಬಿಕೊಂಡು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಮಾವ, "ಕಾರಿನ ಜಾಕಿ ತಗೊಂಬಾ" ಅಂದರು. ಕಂಬಕ್ಕೆ ಕಬ್ಬಿಣದ ಸರಪಳಿ ಬಿಗಿದರು. ಸರಪಳಿಗೆ ಒಂದು ತುಂಡು ಮರ ಸಿಕ್ಕಿಸಿ, ಅದರ ಅಡಿಗೆ ಜಾಕಿ, ಜಾಕಿಯ ಅಡಿಗೆ ಹಲಗೆ. ತಿರುಗಿಸುತ್ತಾ ಹೋದರು. ಸರಪಳಿ ಕಿರುಗುಟ್ಟಿ ಮರಕ್ಕೆ ಕಚ್ಚಿತು. ಏನೂ ಆಗಲಿಲ್ಲ, ಏನೂ ಆಗಲಿಲ್ಲ. ಆಮೇಲೆ ಬಾಟಲಿಯ ಬಿರಡೆ ಬಿಟ್ಟ ಹಾಗೆ ಒಂದು ಸದ್ದು. ಕಂಬ ನಾಲ್ಕು ಬೆರಳು ಮೇಲೆ ಬಂತು. ಅದರ ಬುಡದಲ್ಲಿ ಕುಂಬಳಕಾಯಿಯಂಥ ಕಾಂಕ್ರೀಟ್ ಉಂಡೆ, ಅದಕ್ಕೆ ಮೆತ್ತಿದ ಕರಿ ಮಣ್ಣು ಹೊಳೆಯುತ್ತಿತ್ತು. ಊರಲ್ಲಿ ಕಾಫಿ ಗಿಡದ ಬೊಡ್ಡೆ ಹೀಗೇ ಕೀಳುತ್ತಿದ್ದೆವು ಅಂತ ಮಾವ ಬೆವರು ಒರೆಸಿಕೊಂಡರು. ಬೇಲಿಯ ಮೇಲಿಂದ ಅಜ್ಜನ ತಲೆ ಕಂಡಿತು. ಏಣಿ ಹತ್ತಿ ನಿಂತು ನೋಡುತ್ತಿದ್ದರು. ಚಪ್ಪಾಳೆ ತಟ್ಟಿದರು.

ಬಳ್ಳಿಗಳ ಬುಡ ಹಳೆ ಜಾಗದಲ್ಲೇ ಉಳಿಯಿತು. ನಾಲ್ಕರಲ್ಲಿ ಎರಡು ಒಣಗಿದವು. ಉಳಿದೆರಡು ಹೂ ಬಿಟ್ಟಿದ್ದವು, ಅವನ್ನು ಕೀಳಲು ಮಾವ ಬಿಡಲಿಲ್ಲ. ಬುಡದಿಂದ ಚಪ್ಪರದವರೆಗೆ ತೆಂಗಿನ ನಾರಿನ ಹಗ್ಗ ಎಳೆದು, ಬಳ್ಳಿಯನ್ನು ಅದಕ್ಕೆ ಸುತ್ತಿದರು, ಬಟ್ಟೆ ಒಣಗಿಸುವ ತಂತಿಯ ಹಾಗೆ. ಹಗ್ಗದ ಬಗ್ಗೆ ಹದಿನಾಲ್ಕೂ ಕಾಗದದಲ್ಲಿ ಏನೂ ಇಲ್ಲ. ನೋಡಿದ್ದೇನೆ.

ತುಳಸಿ ಕಟ್ಟೆಯನ್ನೂ ಇಟ್ಟಿಗೆಯಲ್ಲಿ ಕಟ್ಟಿಬಿಡೋಣ ಅಂತ ಮಾವನಿಗೆ ಇತ್ತು. ಅದಕ್ಕೆ ಕಾನೂನು ನಮ್ಮ ಕಡೆಗೇ ಇದೆ. ಶ್ರದ್ಧೆಯಿಂದ ಇಟ್ಟ ಧಾರ್ಮಿಕ ವಸ್ತುವನ್ನು ಮನೆಯಲ್ಲಾಗಲಿ ಅಂಗಳದಲ್ಲಾಗಲಿ ಎಚ್‌ಒಎ ತಡೆಯುವಂತಿಲ್ಲ. ಮೊದಲು ಬಾಗಿಲಿಗೆ ಮಾತ್ರ, ಅದೂ 25 ಚದರ ಇಂಚು ಅಂತಿತ್ತು, 2021ರಲ್ಲಿ ಅದು ಹೋಯಿತು. ಆದರೆ ಈಸ್‌ಮೆಂಟಿಗೂ ಕಟ್ಟಡದ ಗೆರೆಗೂ ಅಡ್ಡ ಬರುವಂತಿಲ್ಲ, ಅದು ದೇವರಿಗೂ ಬಿಟ್ಟಿಲ್ಲ. ನಕ್ಷೆ ಹಿಡಿದು ಸರಿಯಾದ ಜಾಗ ಗುರುತು ಮಾಡಿದೆವು. ಅಷ್ಟರಲ್ಲಿ ಮಾವ ಹೊರಡುವ ದಿನ ಬಂತು. ತುಳಸಿ ಸದ್ಯಕ್ಕೆ ಕುಂಡದಲ್ಲೇ ಇದೆ.

ಸೆಪ್ಟೆಂಬರ್‌ನಲ್ಲಿ ಐದು ಹೀರೇಕಾಯಿ ಬಿಟ್ಟವು. ಎರಡು ಅಜ್ಜನಿಗೆ ಕೊಟ್ಟೆ. ಇದನ್ನು ಏನು ಮಾಡಬೇಕು ಅಂತ ಕೇಳಿದರು, ಸಿಪ್ಪೆ ಎಸೆಯಬೇಡಿ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಕಿತ್ತ ಕಂಬದ ಎರಡು ಗುಂಡಿಯಲ್ಲಿ ಒಂದನ್ನು ಮುಚ್ಚಿದ್ದೇವೆ, ಇನ್ನೊಂದು ಹಾಗೇ ಇದೆ. ಮಳೆ ಬಂದರೆ ನೀರು ನಿಂತು ಸೊಳ್ಳೆಯಾಗುತ್ತದೆ. ಕಸದ ಡಬ್ಬಿಯ ನಿಯಮವಿತ್ತಲ್ಲ, ಅದೇ ಕಾಗದದಲ್ಲಿ ನಿಂತ ನೀರಿನ ಬಗ್ಗೆಯೂ ಒಂದು ಸಾಲು ಇದೆ. ಶನಿವಾರ ಎರಡು ಮೂಟೆ ಮಣ್ಣು ತರಬೇಕು.